ಡಯಾಲಿಸಿಸ್ ಮನೆಯ ಅಡುಗೆ: ಬಸಿದ ಕಟ್ಟನ್ನು ಏನು ಮಾಡಬೇಕು?

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಊಟದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಅಳತೆಗಳು ಸಾಮಾನ್ಯ ಲೆಕ್ಕದವು. ನಿಮ್ಮ ರಕ್ತದ ರಿಪೋರ್ಟ್ ನೋಡಿ ಡಾಕ್ಟರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ.

ನಮ್ಮ ಯಜಮಾನರಿಗೆ 58 ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೊಪ್ಪು, ಕಾಳು ಎಲ್ಲವನ್ನೂ ರಾತ್ರಿಯೇ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಆ ನೀರು ಚೆಲ್ಲಿ ಅಡುಗೆ ಮಾಡುತ್ತೇನೆ. ಹೆಚ್ಚಾಗಿ ಬಸ್ಸಾರು, ಮುದ್ದೆ. ಆದರೂ ಪೊಟ್ಯಾಶಿಯಂ 6.1 ಬಂದಿದೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ಮಂಡ್ಯ ಜಿಲ್ಲೆ

ನಿಮ್ಮ ಶ್ರಮವೆಲ್ಲ ಸರಿ, ತಪ್ಪಿರುವುದು ಸಾರಿನಲ್ಲಿ. ಪೊಟ್ಯಾಶಿಯಂ ಬೇಯಿಸಿದರೆ ನಾಶವಾಗುವ ವಸ್ತುವಲ್ಲ, ಅದು ನೀರಿಗೆ ಇಳಿಯುತ್ತದೆ ಅಷ್ಟೇ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೂ ತರಕಾರಿಯಿಂದ ಇಳಿಯುವುದು ಸ್ವಲ್ಪ. ಹೆಚ್ಚು ನೀರಿನಲ್ಲಿ ಕುದಿಸಿದಾಗ ಇಳಿಯುವುದೇ ಜಾಸ್ತಿ. ಬಸ್ಸಾರಿನಲ್ಲಿ ನೀವು ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೀರಿ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಬಸಿದ ಆ ಕಟ್ಟನ್ನೇ ಖಾರ ಹಾಕಿ ಕುದಿಸಿ ಸಾರು ಮಾಡಿ ಮುದ್ದೆಗೆ ಬಡಿಸುತ್ತೀರಿ. ಸೊಪ್ಪಿನಿಂದ ಹೊರಹಾಕಿದ ಪೊಟ್ಯಾಶಿಯಂ ಬಟ್ಟಲಲ್ಲಿ ವಾಪಸ್ ಬಂತು. ಉಪ್ಸಾರಿಗೂ ಇದೇ ಮಾತು.

ಹಾಗಂತ ಬಸಿಯುವ ಪದ್ಧತಿ ಬಿಡಬೇಡಿ. ಹಳೇ ಮೈಸೂರಿನ ಅಡುಗೆಮನೆಗೆ ಬಸಿಯುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ, ಅದು ನಿಮಗೆ ಅನುಕೂಲವೇ. ಬಸಿದ ಕಾಳು, ಸೊಪ್ಪಿನ ಪಲ್ಯ ಯಜಮಾನರಿಗೆ, ಕಟ್ಟಿನ ಸಾರು ಮನೆಯ ಉಳಿದವರಿಗೆ. ಯಜಮಾನರ ಪಾಲಿಗೆ ಬೇರೆ ನೀರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಹಾಕಿ ಗಟ್ಟಿಯಾಗಿ ಒಂದೆರಡು ಸೌಟು ಸಾರು ಮಾಡಿ. ಹುಣಸೆಹಣ್ಣು, ಟೊಮೇಟೊ ಎರಡರಲ್ಲೂ ಪೊಟ್ಯಾಶಿಯಂ ಹೆಚ್ಚು. ಹುಳಿಗೆ ಅರ್ಧ ನಿಂಬೆಹಣ್ಣಿನ ರಸ ಸಾಕು.

ತರಕಾರಿ ಬೇಯಿಸುವ ಕ್ರಮ ಹೀಗೆ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ. ತುಂಡು ಸಣ್ಣದಾದಷ್ಟೂ ಒಳ್ಳೆಯದು. ಆಲೂಗಡ್ಡೆಯನ್ನು ತುಂಡು ಮಾಡಿ ಕುದಿಸಿದರೆ ಪೊಟ್ಯಾಶಿಯಂ ಸುಮಾರು ಅರ್ಧಕ್ಕೆ ಇಳಿಯುತ್ತದೆ, ತುರಿದು ಕುದಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಒಂದು ಪಾಲು ತರಕಾರಿಗೆ ಕನಿಷ್ಠ ಐದು ಪಾಲು ನೀರು, ತೆರೆದ ಪಾತ್ರೆ. ಮೆತ್ತಗಾದ ಮೇಲೆ ಬಸಿದು, ಇನ್ನೊಂದು ಸಲ ನೀರು ಹಾಕಿ ತೊಳೆದು, ಆಮೇಲೆ ಒಗ್ಗರಣೆ. ಕುಕ್ಕರ್‌ನಲ್ಲಿ ಅಳತೆಯ ನೀರು ಹಾಕಿ ಕೂಗಿಸಿದರೆ ಏನೂ ಹೊರಹೋಗುವುದಿಲ್ಲ, ಎಲ್ಲ ಒಳಗೇ ಉಳಿಯುತ್ತದೆ. ತೊಗರಿ, ಹುರಳಿ, ಅವರೆ ಮುಂತಾದ ಬೇಳೆಕಾಳಿಗೆ ಇದನ್ನು ಮುಖ್ಯವಾಗಿ ನೆನಪಿಡಿ. ಒಣ ಬೇಳೆಯಲ್ಲಿ 100 ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟಿ ಪೊಟ್ಯಾಶಿಯಂ ಇರುತ್ತದೆ. ಹೀರೆ, ಸೋರೆ, ಪಡವಲ, ಎಲೆಕೋಸು, ಸೀಮೆಬದನೆಗಳಲ್ಲಿ ಮೊದಲೇ ಕಡಿಮೆ ಇರುವುದರಿಂದ ದಿನದ ಅಡುಗೆಗೆ ಅವೇ ಇರಲಿ, ಸೊಪ್ಪು ವಾರಕ್ಕೊಂದು ಸಲ ಸಾಕು.

ಮುದ್ದೆ ಪೂರ್ತಿ ಬಿಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. 100 ಗ್ರಾಂ ರಾಗಿಯಲ್ಲಿ ಸುಮಾರು 440 ಮಿಲಿಗ್ರಾಂ ಪೊಟ್ಯಾಶಿಯಂ, ಅಕ್ಕಿಯಲ್ಲಿ ಸುಮಾರು 110. ಪೊಟ್ಯಾಶಿಯಂ 6ರ ಮೇಲಿರುವಾಗ ಅನ್ನ ಉಣ್ಣಲಿ. 5ರ ಆಸುಪಾಸಿಗೆ ಇಳಿದ ಮೇಲೆ ದಿನಕ್ಕೊಂದು ಸಣ್ಣ ಮುದ್ದೆ ಕೊಡಬಹುದೇ ಎಂದು ಡಯಟೀಷಿಯನ್‌ರನ್ನು ಕೇಳಿ. ಕಿಡ್ನಿ ಕಾಯಿಲೆ ಎಂದ ಕೂಡಲೇ, ರಿಪೋರ್ಟೂ ನೋಡದೆ ಎಲ್ಲರಿಗೂ ರಾಗಿ ನಿಷೇಧಿಸುವ ಪಟ್ಟಿಗಳು ಓಡಾಡುತ್ತಿವೆ. ಅದು ಸರಿಯಲ್ಲ.

ಎಳನೀರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಒಂದು ಎಳನೀರಿನಲ್ಲಿ 500–600 ಮಿಲಿಗ್ರಾಂ ಪೊಟ್ಯಾಶಿಯಂ ಒಟ್ಟಿಗೆ ಹೊಟ್ಟೆ ಸೇರುತ್ತದೆ. ‘ಒಳ್ಳೆಯದು’ ಎಂದು ಸಕ್ಕರೆ ಬದಲು ಬೆಲ್ಲ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ.

ಊಟದ ಹೊರಗೂ ಕಾರಣಗಳಿವೆ. ಮಲಬದ್ಧತೆ ಇದೆಯೇ ನೋಡಿ. ಕಿಡ್ನಿ ಕೈಕೊಟ್ಟವರಲ್ಲಿ ಪೊಟ್ಯಾಶಿಯಂನ ಒಂದು ಪಾಲು ಮಲದ ಮೂಲಕವೇ ಹೋಗಬೇಕು. ಬಿಪಿಯ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ವಾರಕ್ಕೆ ಎರಡೇ ಸಲವಾದರೆ ಒಂದು ಕಡೆ ನಾಲ್ಕು ದಿನದ ಅಂತರ ಬೀಳುತ್ತದೆ, ಆ ದಿನಗಳಲ್ಲಿ ಇನ್ನಷ್ಟು ಬಿಗಿ ಬೇಕು. ಕಾಲಿನಲ್ಲಿ ದಿಢೀರ್ ಬಲ ಕುಗ್ಗಿದರೆ, ಎದೆಬಡಿತ ತಪ್ಪಿದಂತೆ ಅನಿಸಿದರೆ ಮುಂದಿನ ಡಯಾಲಿಸಿಸ್ ತನಕ ಕಾಯದೆ ಆಸ್ಪತ್ರೆಗೆ ಹೊರಡಿ.

ಅಮ್ಮನಿಗೆ ಸಕ್ಕರೆ ಕಾಯಿಲೆ, ಆರು ತಿಂಗಳಿಂದ ಡಯಾಲಿಸಿಸ್. ಅದಕ್ಕೂ ಮೊದಲು ಪ್ರೋಟೀನ್ ಕಡಿಮೆ ತಿನ್ನಿ ಎಂದಿದ್ದರು, ಈಗಲೂ ಹಾಗೇ ನಡೆಸುತ್ತಿದ್ದೇವೆ. ರಕ್ತದಲ್ಲಿನ ಪ್ರೋಟೀನ್ ಆದ ಆಲ್ಬುಮಿನ್ 2.9. ನಾವು ಸಸ್ಯಾಹಾರಿಗಳು. ತೂಕ 52 ಕೆ.ಜಿ.
— ಓದುಗರು, ಶಿವಮೊಗ್ಗ

ಆ ಹಳೇ ಚೀಟಿಯನ್ನು ಇವತ್ತೇ ಹರಿದು ಹಾಕಿ. ಡಯಾಲಿಸಿಸ್ ಶುರುವಾಗುವ ಮೊದಲು ಕಿಡ್ನಿಯ ಹೊರೆ ಇಳಿಸಲು ಪ್ರೋಟೀನ್ ಕಡಿಮೆ ಮಾಡುತ್ತಾರೆ. ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಪ್ರತಿ ಸಲ 6ರಿಂದ 12 ಗ್ರಾಂ ಅಮೈನೋ ಆಮ್ಲ (ಪ್ರೋಟೀನಿನ ಬಿಡಿಭಾಗ) ಯಂತ್ರದ ಮೂಲಕ ಹೊರಹೋಗುತ್ತದೆ. ಹಾಗಾಗಿ ಕೆ.ಜಿ.ಗೆ 1ರಿಂದ 1.2 ಗ್ರಾಂನಂತೆ ಅಮ್ಮನಿಗೆ ದಿನಕ್ಕೆ 52ರಿಂದ 62 ಗ್ರಾಂ ಪ್ರೋಟೀನ್ ಬೇಕು.

ಅನ್ನ, ಚಪಾತಿ, ಇಡ್ಲಿ ಸೇರಿ 200 ಗ್ರಾಂ ಧಾನ್ಯದಿಂದ ಸುಮಾರು 17 ಗ್ರಾಂ ಸಿಗುತ್ತದೆ. ಹಾಲು 200 ಮಿ.ಲೀ. 6 ಗ್ರಾಂ, ಗಟ್ಟಿ ಮೊಸರು ಒಂದು ಸಣ್ಣ ಬಟ್ಟಲು 3, ಪನೀರ್ 50 ಗ್ರಾಂ 9, ಬೇಯಿಸಿ ಬಸಿದ ಬೇಳೆ (ಒಣಗಿದ್ದಾಗ 30 ಗ್ರಾಂ) 6. ಉಳಿದ ಕೊರತೆ ತುಂಬುವುದು ಸೋಯಾ ಚಂಕ್ಸ್: 30 ಗ್ರಾಂನಲ್ಲಿ 15 ಗ್ರಾಂ ಪ್ರೋಟೀನ್. ಅದನ್ನು ಬಿಸಿನೀರಿನಲ್ಲಿ ಕುದಿಸಿ, ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಮತ್ತೆ ನೀರು ಹಾಕಿ ಹಿಂಡಿ. ಹಿಂಡಿದ ನೀರಿನ ಜೊತೆ ಪೊಟ್ಯಾಶಿಯಂ ಹೋಗುತ್ತದೆ, ಪ್ರೋಟೀನ್ ಉಳಿಯುತ್ತದೆ. ಇಷ್ಟಕ್ಕೇ 56 ಗ್ರಾಂ ಆಯಿತು. ಮೊಟ್ಟೆಯ ಬಿಳಿಭಾಗಕ್ಕೆ ಮನೆಯಲ್ಲಿ ಒಪ್ಪಿಗೆಯಿದ್ದರೆ ಒಂದಕ್ಕೆ ಮೂರೂವರೆ ಗ್ರಾಂ ಸಿಗುತ್ತದೆ, ರಂಜಕ (ಫಾಸ್ಫರಸ್) ತೀರಾ ಕಡಿಮೆ.

ಡಯಾಲಿಸಿಸ್ ದಿನ ಬೆಳಿಗ್ಗೆ ಬೇಗ ಹೊರಡುವ ಗಡಿಬಿಡಿಯಲ್ಲಿ ತಿಂಡಿ ತಪ್ಪುತ್ತದೆ, ಸುಸ್ತಾಗಿ ಬಂದು ಮಧ್ಯಾಹ್ನದ ಊಟವೂ ಅಷ್ಟಕ್ಕಷ್ಟೇ. ಆಲ್ಬುಮಿನ್ ಇಳಿಯಲು ಈ ದಿನಗಳದ್ದೇ ದೊಡ್ಡ ಪಾಲು. ಡಬ್ಬಿಗೆ ಪನೀರ್ ತುಂಬಿದ ಚಪಾತಿ ಕಟ್ಟಿಕೊಡಿ. ಆದರೆ ಡಯಾಲಿಸಿಸ್ ನಡೆಯುವಾಗ ಹೊಟ್ಟೆ ತುಂಬ ತಿಂದರೆ ಕೆಲವರಿಗೆ ಬಿಪಿ ಕುಸಿಯುತ್ತದೆ. ಅಂಥವರು ಮುಗಿದ ಮೇಲೆ ತಿನ್ನಲಿ. ಚೆನ್ನಾಗಿ ತಿಂದರೂ ಆಲ್ಬುಮಿನ್ ಏರದಿದ್ದರೆ ಎಲ್ಲೋ ಸೋಂಕಿರಬಹುದು, ಡಯಾಲಿಸಿಸ್‌ಗೆಂದು ಹಾಕಿದ ಕೊಳವೆ (ಕ್ಯಾಥೆಟರ್) ಇದ್ದರೆ ಅದರ ಜಾಗವನ್ನೂ ತೋರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಕಿಡ್ನಿ ಸೋತವರಲ್ಲಿ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಶುಗರ್ ಲೋ ಆಗುವ ಸಂಭವ ಹೆಚ್ಚು. ಆಗ ಕಿತ್ತಳೆ ಜ್ಯೂಸ್, ಬಾಳೆಹಣ್ಣು ಬೇಡ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಕಾಲು ಲೋಟ ನೀರಿಗೆ ಕಲಸಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾವನವರು ದಿನಕ್ಕೆ ಒಂದೇ ಲೀಟರ್ ನೀರು ಕುಡಿಯುತ್ತಾರೆ. ಆದರೂ ಎರಡು ಡಯಾಲಿಸಿಸ್ ನಡುವೆ ನಾಲ್ಕು ಕೆ.ಜಿ. ಏರುತ್ತದೆ. ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) 55 ಕೆ.ಜಿ.
— ಓದುಗರು, ಧಾರವಾಡ

55 ಕೆ.ಜಿ.ಯವರಿಗೆ ಎರಡು ಕೆ.ಜಿ. ಚಿಲ್ಲರೆ ಏರಿದರೆ ಸಹಿಸಬಹುದು, ನಾಲ್ಕು ಅತಿಯಾಯಿತು. ಲೆಕ್ಕ ಹೀಗೆ: 24 ಗಂಟೆಯ ಮೂತ್ರವನ್ನು ಅಳೆದು ಅದಕ್ಕೆ 500 ಮಿ.ಲೀ. ಸೇರಿಸಿ. 200 ಮಿ.ಲೀ. ಮೂತ್ರ ಬರುತ್ತಿದ್ದರೆ 700 ಮಿ.ಲೀ. ಅಷ್ಟೇ, ಅದರಲ್ಲೇ ಚಹಾ, ಮಜ್ಜಿಗೆ, ಸಾರು, ಗಂಜಿ, ಮಾತ್ರೆಯ ನೀರು ಎಲ್ಲ ಬಂತು. ಬೆಳಿಗ್ಗೆ 700 ಮಿ.ಲೀ. ಬಾಟಲಿ ತುಂಬಿಡಿ. 100 ಮಿ.ಲೀ. ಚಹಾ ಕುಡಿದರೆ ಬಾಟಲಿಯಿಂದಲೂ ಅಷ್ಟು ಚೆಲ್ಲಿ. ಬಾಟಲಿ ಖಾಲಿಯಾದರೆ ದಿನದ ಪಾಲು ಮುಗಿಯಿತು.

ಆದರೆ ನೀರನ್ನು ಮಾತ್ರ ಬಿಗಿ ಮಾಡಿದರೆ ಜಗಳವೇ ಹೊರತು ತೂಕ ಇಳಿಯದು. ದಾಹ ತರುವುದು ಉಪ್ಪು. ಸುಮಾರು 8 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ದಿನಕ್ಕೆಲ್ಲ ಸೇರಿ 5 ಗ್ರಾಂ, ಅಂದರೆ ಸಮತಟ್ಟಾದ ಒಂದು ಟೀ ಚಮಚ. ಅವರ ಪಲ್ಯವನ್ನು ಉಪ್ಪಿಲ್ಲದೆ ತೆಗೆದಿಟ್ಟು, ಅಳೆದಿಟ್ಟ ಉಪ್ಪಿನಿಂದ ತಟ್ಟೆಯಲ್ಲಿ ಹಾಕಿ. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಮನೆಯಲ್ಲಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಬಾಯಿ ಒಣಗಿದರೆ ನೀರಿನಲ್ಲಿ ಮುಕ್ಕಳಿಸಿ ಉಗಿಯಲಿ, ಒಂದು ಲವಂಗ ಬಾಯಲ್ಲಿಟ್ಟುಕೊಳ್ಳಲಿ.

ಸೈಂಧವ ಲವಣ, ಅಥವಾ ಅಂಗಡಿಯ ಲೋ ಸೋಡಿಯಂ ಉಪ್ಪು ಬಳಸಬಹುದೇ?
— ಓದುಗರು, ಬೆಂಗಳೂರು

ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅದರಿಂದ ಲಾಭವಿಲ್ಲ. ಲೋ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಡಯಾಲಿಸಿಸ್‌ನವರಿಗೆ ಅದು ಅಪಾಯ.

ಹಿತ್ತಲಲ್ಲಿ ದಾರೆಹುಳಿ ಧಾರಾಳ. ಒಂದೆರಡು ತುಂಡು ತಿಂದರೆ?
— ಓದುಗರು, ದಕ್ಷಿಣ ಕನ್ನಡ

ಒಂದು ತುಂಡೂ ಬೇಡ, ಜ್ಯೂಸೂ ಬೇಡ, ಉಪ್ಪಿನಕಾಯಿಯೂ ಬೇಡ. ಈ ನಕ್ಷತ್ರಾಕಾರದ ಹಣ್ಣಿನಲ್ಲಿ ಮಿದುಳಿಗೆ ತಾಗುವ ವಿಷಾಂಶವಿದೆ. ಆರೋಗ್ಯವಂತ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿ ಹಾಕಲಾರದು. ತಿಂದ ಕೆಲ ಗಂಟೆಗಳಲ್ಲಿ ನಿಲ್ಲದ ಬಿಕ್ಕಳಿಕೆ ಶುರುವಾಗಿ, ಗೊಂದಲ, ಫಿಟ್ಸ್ ತನಕ ಹೋಗಿ ಜೀವಹಾನಿಯೂ ಆಗಿದೆ. ತಿಂದು ಬಿಕ್ಕಳಿಕೆ ಬಂದರೆ ತುರ್ತಾಗಿ ಡಯಾಲಿಸಿಸ್ ಬೇಕು, ಏನು ತಿಂದದ್ದೆಂದು ಡಾಕ್ಟರಿಗೆ ಮರೆಯದೆ ಹೇಳಿ.

ರಂಜಕದ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ, ಫಾಸ್ಫರಸ್ 7ರಿಂದ ಇಳಿಯುತ್ತಿಲ್ಲ. ಮೈ ತುರಿಕೆ ಬೇರೆ.
— ಓದುಗರು, ಬಳ್ಳಾರಿ

ಯಾವಾಗ ನುಂಗುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಕ್ಯಾಲ್ಶಿಯಂ ಅಸಿಟೇಟ್, ಸೆವೆಲಾಮರ್ ಮುಂತಾದವು ಊಟದಲ್ಲಿರುವ ರಂಜಕವನ್ನು ಕರುಳಿನಲ್ಲೇ ಕಟ್ಟಿಹಾಕುವ ಮಾತ್ರೆಗಳು. ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆಯ ಮೇಲೆ ನುಂಗಿದರೆ ಕಟ್ಟಿಹಾಕಲು ಅಲ್ಲಿ ಏನೂ ಇರುವುದಿಲ್ಲ. ಊಟದ ನಡುವೆಯೇ ತೆಗೆದುಕೊಳ್ಳಿ. ಸಂಜೆ ಪನೀರ್, ಮೊಟ್ಟೆ ತಿನ್ನುವವರಾದರೆ ಆ ಹೊತ್ತಿಗೂ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಕಾಳುಬೇಳೆಯಲ್ಲಿನ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ, ಸುಮಾರು ಅರ್ಧ. ಪ್ಯಾಕೆಟ್ ತಿನಿಸಿಗೆ ಬೆರೆಸುವ ಫಾಸ್ಫೇಟ್ ಮಾತ್ರ ಬಹುತೇಕ ಎಲ್ಲವೂ ಹತ್ತುತ್ತದೆ. ಪೊಟ್ಟಣದ ಹಿಂದೆ ಐಎನ್‌ಎಸ್ ಸಂಖ್ಯೆ (ಬೆರೆಸಿದ ವಸ್ತುವನ್ನು ಗುರುತಿಸುವ ಸಂಖ್ಯೆ) 338ರಿಂದ 341, 450ರಿಂದ 452 ಇದ್ದರೆ ವಾಪಸ್ ಇಡಿ. ಕಪ್ಪು ಕೋಲಾಗಳಲ್ಲಿ ಇರುವುದು 338, ಅಂದರೆ ಫಾಸ್ಫಾರಿಕ್ ಆಮ್ಲ. ಸಂಸ್ಕರಿಸಿದ ಚೀಸ್, ಬೇಕಿಂಗ್ ಪೌಡರ್ ಹಾಕಿದ ಕೇಕುಗಳಲ್ಲೂ ಇದೇ ಗುಂಪಿನ ಸಂಖ್ಯೆಗಳು ಸಿಗುತ್ತವೆ.