ಎಲೆಕ್ಟ್ರಿಕ್ ಕಾರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬಹುದಾ?

ಮಲಗಬಹುದು. ಐದು ವರ್ಷದಿಂದ ನಾನು ಹಾಗೇ ಮಲಗುತ್ತಿದ್ದೇನೆ. ಆದರೆ ಮೊದಲ ಕೆಲವು ತಿಂಗಳು ಹಾಗೆ ಮಲಗಿದ್ದು ಎಂಥ ದಡ್ಡತನ ಅಂತ ಆಮೇಲೆ ಗೊತ್ತಾಯಿತು.

ಕಾರು ಬಂದು ಎರಡು ವಾರವಾಗಿದೆ, ಮನೆಯ ಸಾಕೆಟ್ಟಿನಲ್ಲೇ ಚಾರ್ಜ್ ಮಾಡುತ್ತಿದ್ದೇವೆ, ಬೆಂಕಿ ಹತ್ತಿದ ವಿಡಿಯೋಗಳನ್ನು ನೋಡಿ ಅಮ್ಮ ರಾತ್ರಿ ಎರಡೆರಡು ಸಲ ಎದ್ದು ಕಾರು ನೋಡಿ ಬರುತ್ತಾರೆ ಅಂತ ಬರೆದಿದ್ದೀರಿ. ಮಳೆಯಲ್ಲಿ ಚಾರ್ಜ್ ಮಾಡಬಹುದಾ, ಶೇ 80ಕ್ಕೆ ನಿಲ್ಲಿಸಬೇಕಾ, ಫಾಸ್ಟ್ ಚಾರ್ಜರ್ ಬ್ಯಾಟರಿಯನ್ನು ಹಾಳು ಮಾಡುತ್ತಾ, ಸರ್ವಿಸ್ ಏನೂ ಬೇಡ ಅನ್ನೋದು ನಿಜವಾ ಅಂತಲೂ ಕೇಳಿದ್ದೀರಿ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಓಡಿಸುವವನು. ಅನುಭವದಿಂದ ತಿಳಿದದ್ದನ್ನು, ಅನುಭವವಾದ ಮೇಲೆ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಅಮ್ಮ ಎದ್ದು ಹೋಗುವುದು ಸರಿ, ನೋಡುವ ಜಾಗ ತಪ್ಪು. ಕಾರಿನ ಬ್ಯಾಟರಿಯನ್ನು ಕಾಯಲು ಒಳಗೇ ಒಂದು ಕಂಪ್ಯೂಟರ್ ಕೂತಿದೆ. ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಬಿಎಂಎಸ್ ಅಂತಾರಲ್ಲ, ಅದು. ಸೆಲ್ಲುಗಳ ವೋಲ್ಟೇಜು, ಬಿಸಿ, ಹರಿಯುವ ಕರೆಂಟು ಎಲ್ಲವನ್ನೂ ಅದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುತ್ತದೆ. ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆ, ಎಲ್ಲಾದರೂ ಹೆಚ್ಚುಕಮ್ಮಿಯಾದರೂ ನಿಲ್ಲಿಸುತ್ತದೆ. ಆದರೆ ಗೋಡೆಯ ಮೇಲಿನ ಸಾಕೆಟ್ಟಿಗೆ ಅಂಥ ಕಾವಲುಗಾರ ಯಾರೂ ಇಲ್ಲ.

ನನಗೆ ಆಗಿದ್ದು ಅಲ್ಲೇ. ಕಾರು ತಂದು ಐದಾರು ತಿಂಗಳಾಗಿರಬೇಕು. ಬೆಳಿಗ್ಗೆ ಪ್ಲಗ್ ಎಳೆಯಲು ಹೋದರೆ ಕೈ ಚುರುಕ್ಕೆಂದಿತು. ಎಳೆದು ನೋಡಿದರೆ ಒಂದು ಪಿನ್ನು ಕಂದುಬಣ್ಣಕ್ಕೆ ತಿರುಗಿದೆ, ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಮೆತ್ತಗಾಗಿ ಒಳಕ್ಕೆ ಕುಸಿದಿದೆ. ಕಾರಿನ ಪರದೆಯಲ್ಲಿ ಒಂದೇ ಒಂದು ಎಚ್ಚರಿಕೆ ಇಲ್ಲ. ನೂರಕ್ಕೆ ನೂರು ತುಂಬಿಕೊಂಡು ಹಾಯಾಗಿ ನಿಂತಿತ್ತು.

ಕಾರಣ ಸರಳ. ಸಾಕೆಟ್ಟಿನೊಳಗಿನ ಹಿತ್ತಾಳೆ ಹಿಡಿಕೆ ಸಡಿಲವಾಗಿತ್ತು. ಸಡಿಲವಾದಲ್ಲಿ ರೆಸಿಸ್ಟೆನ್ಸ್ ಹೆಚ್ಚು, ಮತ್ತು ಅಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. 15 ಆಂಪಿಯರ್ ಹರಿಯುವಾಗ ಆ ಜಾಗದಲ್ಲಿ ಬರೀ 0.1 ಓಂ ಇದ್ದರೂ 22 ವ್ಯಾಟ್‌ಗಿಂತ ಹೆಚ್ಚು ಬಿಸಿ ಹುಟ್ಟುತ್ತದೆ. ರೇಡಿಯೋ ರಿಪೇರಿಗೆ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಸಾಕೆಟ್ಟಿನೊಳಗೆ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟಂತಾಯಿತು. ಅದೇ ಸಾಕೆಟ್ಟಿನಲ್ಲಿ ವರ್ಷಗಟ್ಟಲೆ ಗೀಸರ್ ಓಡಿದೆಯಲ್ಲ ಅಂತ ನಾನೂ ವಾದ ಮಾಡಿದ್ದೆ. ಗೀಸರ್ ಇಪ್ಪತ್ತು ನಿಮಿಷಕ್ಕೆ ಆರುತ್ತದೆ. ಕಾರು ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಬಂದ ಎಲೆಕ್ಟ್ರಿಷಿಯನ್ ಇಷ್ಟು ಹೇಳಿ ನನ್ನ ಬಾಯಿ ಮುಚ್ಚಿಸಿದರು.

ಹಾಗಾಗಿ ಮೊದಲು ಮಾಡಿಸಬೇಕಾದದ್ದು: ಮೀಟರ್ ಬೋರ್ಡಿನಿಂದ ಕಾರಿಗೇ ಅಂತ ಬೇರೆ ಲೈನ್, ಕರೆಂಟು ಮಿತಿ ಮೀರಿದರೆ ಬೀಳುವ ಅದರದ್ದೇ ಎಂಸಿಬಿ, ಅರ್ತ್ ಸೋರಿಕೆಯಾದರೆ ಬೀಳುವ ಆರ್‌ಸಿಸಿಬಿ, ಒಳ್ಳೆಯ ಗುಣಮಟ್ಟದ ಸಾಕೆಟ್, ಮತ್ತು ಅಳೆದು ನೋಡಿದ ಅರ್ತಿಂಗ್. ತಂತಿ ಎಷ್ಟು ದಪ್ಪ ಇರಬೇಕು ಅನ್ನುವುದು ದೂರದ ಮೇಲೆ ಹೋಗುತ್ತದೆ, ಅದನ್ನು ಅವರೇ ಲೆಕ್ಕ ಹಾಕಲಿ. ನೀವು ‘ಎಂಟು ಹತ್ತು ಗಂಟೆ ಬಿಡದೆ ಓಡುವ ಲೋಡು’ ಅಂತ ಒತ್ತಿ ಹೇಳಿದರೆ ಸಾಕು. ಮುಂದೆ ಗೋಡೆಗೆ ಹಾಕುವ ಚಾರ್ಜರ್ ತೆಗೆದುಕೊಂಡರೆ, ಅದರಲ್ಲಿ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ಮಾಡುವ ಏರ್ಪಾಡು ಇದೆಯಾ ಅಂತ ಕೇಳಿ. ಡಿಸಿ ಸೋರಿಕೆಯಾದರೆ ಸಾಮಾನ್ಯ ಆರ್‌ಸಿಸಿಬಿಗೆ ಕಣ್ಣು ಕಟ್ಟಿದ ಹಾಗಾಗುತ್ತದೆ, ಬೀಳಬೇಕಾದಾಗ ಬೀಳುವುದಿಲ್ಲ. ಚಾರ್ಜರಿನಲ್ಲಿ ಆ ಏರ್ಪಾಡು ಇಲ್ಲದಿದ್ದರೆ ಬೋರ್ಡಿನಲ್ಲಿ ಟೈಪ್ ಬಿ ಅನ್ನುವ ಜಾತಿಯ ಆರ್‌ಸಿಸಿಬಿ ಬೇಕು.

ಇದೆಲ್ಲ ಆಗುವವರೆಗೆ ಕಾರಿನ ಸೆಟ್ಟಿಂಗಿನಲ್ಲಿ ಕರೆಂಟು ಕಡಿಮೆ ಮಾಡುವ ಆಯ್ಕೆ ಇದ್ದರೆ ಕಡಿಮೆ ಮಾಡಿ. ಅರ್ಧ ಮಾಡಿದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಅಮ್ಮನಿಗೂ ಹೇಳಿ, ಕಾರು ನೋಡುವುದು ಬೇಡ, ಚಾರ್ಜಿಗೆ ಹಾಕಿದ ಅರ್ಧ ಗಂಟೆಗೆ ಪ್ಲಗ್ಗಿನ ಹೊರಮೈಯನ್ನು ಮುಂಗೈ ಹಿಂಬದಿಯಿಂದ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಚಾರ್ಜಿಂಗ್ ನಿಲ್ಲಿಸಿ ಸಾಕೆಟ್ ಬದಲಾಯಿಸುವವರೆಗೆ ಮತ್ತೆ ಹಾಕಬೇಡಿ.

ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಸುರುಳಿ ಸುತ್ತಿಟ್ಟ ವೈರಂತೂ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಇನ್ನೊಂದು, ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ: ಅರ್ತ್ ಸರಿಯಿಲ್ಲದಿದ್ದರೆ ಹೆಚ್ಚಿನ ಚಾರ್ಜರುಗಳು ಕೆಂಪು ದೀಪ ತೋರಿಸಿ ಹಟ ಹಿಡಿಯುತ್ತವೆ. ಆಗ ಯಾರಾದರೂ ಬುದ್ಧಿವಂತರು ಬಂದು ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದು ತುಂಡು ವೈರಿನಿಂದ ಸೇರಿಸಿ ‘ಈಗ ನೋಡಿ’ ಅನ್ನುತ್ತಾರೆ. ಚಾರ್ಜ್ ಶುರುವಾಗುತ್ತದೆ ನಿಜ. ಆದರೆ ಯಾವತ್ತಾದರೂ ಲೈನಿನ ನ್ಯೂಟ್ರಲ್ ಕಡಿದುಹೋದರೆ ಇಡೀ ಕಾರಿನ ಮೈಗೆ ಕರೆಂಟು ಬರುತ್ತದೆ. ಟೈರು ರಬ್ಬರು, ಕಾರು ನೆಲಕ್ಕೆ ತಾಗಿರುವುದಿಲ್ಲ. ಬಾಗಿಲು ತೆಗೆಯಲು ಬರಿಗಾಲಲ್ಲಿ ಬಂದವರೇ ಅದಕ್ಕೆ ದಾರಿ. ಚಾರ್ಜರ್ ಹಟ ಹಿಡಿದರೆ ಅದರ ಮಾತು ಕೇಳಿ.

ಮಳೆಯ ವಿಷಯಕ್ಕೆ ಬಂದರೆ, ಕಾರಿಗೆ ಸಿಕ್ಕಿಸುವ ತುದಿಯ, ಗನ್ನು ಅಂತಾರಲ್ಲ, ಅದರ ಬಗ್ಗೆ ಭಯ ಬೇಡ. ಅದರ ದೊಡ್ಡ ಪಿನ್ನುಗಳಲ್ಲಿ ಸುಮ್ಮನಿರುವಾಗ ಕರೆಂಟೇ ಇರುವುದಿಲ್ಲ. ಸಣ್ಣ ಪಿನ್ನೊಂದರಲ್ಲಿ 12 ವೋಲ್ಟಿನ ಸಂಕೇತ ಮಾತ್ರ ಇರುತ್ತದೆ. ಗನ್ನು ಕೂತ ಮೇಲೆ ಚಾರ್ಜರು ಮತ್ತು ಕಾರು ಅದರ ಮೂಲಕ ಮಾತಾಡಿಕೊಂಡು, ಅರ್ತ್ ಸರಿ, ಲಾಕ್ ಸರಿ ಅಂತ ಒಪ್ಪಿಕೊಂಡರೆ ಮಾತ್ರ ಒಳಗೆ ರಿಲೇ ಅನ್ನುವ ಸ್ವಿಚ್ಚು ಟಕ್ ಅಂತ ಕೂಡಿಕೊಂಡು ಕರೆಂಟು ಹರಿಯುತ್ತದೆ. ಆ ಟಕ್ ಸದ್ದು ಕಿವಿಗೊಟ್ಟರೆ ಕೇಳಿಸುತ್ತದೆ ಕೂಡ. ಮಳೆಯಲ್ಲಿ ಜೋಪಾನ ಮಾಡಬೇಕಾದದ್ದು ಮತ್ತೆ ಗೋಡೆಯ ಕಡೆಯನ್ನೇ. ಪ್ಲಗ್ಗು, ವೈರಿನ ನಡುವಿನ ಆ ಡಬ್ಬಿ, ಎರಡೂ ಒಣಗಿರಬೇಕು, ನೆಲದ ನೀರಿನಲ್ಲಿ ಬಿದ್ದಿರಬಾರದು, ಡಬ್ಬಿಯ ಭಾರಕ್ಕೆ ಪ್ಲಗ್ಗು ಜೋತಾಡುತ್ತಿರಬಾರದು. ಗುಡುಗು ಸಿಡಿಲು ಜೋರಾಗಿದ್ದರೆ ನಾನು ತೆಗೆದುಬಿಡುತ್ತೇನೆ. ತೆಗೆಯುವಾಗ ಮೊದಲು ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಗನ್ನು ತೆಗೆದು, ಕೊನೆಗೆ ಗೋಡೆಯ ಪ್ಲಗ್ಗು. ಕರೆಂಟು ಹರಿಯುತ್ತಿರುವಾಗಲೇ ಗೋಡೆಯಿಂದ ಎಳೆದರೆ ಕಿಡಿ ಹಾರಿ ಪಿನ್ನು ಸುಡುತ್ತದೆ.

ಇನ್ನು ಬೆಂಕಿ. ಲಿಥಿಯಂ ಸೆಲ್ಲು ಒಂದು ಮಟ್ಟ ದಾಟಿ ಕಾದರೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಆ ಬಿಸಿ ಪಕ್ಕದ ಸೆಲ್ಲನ್ನು ಹಿಡಿಯುತ್ತದೆ. ಥರ್ಮಲ್ ರನ್‌ಅವೇ ಅನ್ನುವುದು ಇದಕ್ಕೇ. ಇದು ಸುಮ್ಮಸುಮ್ಮನೆ ಶುರುವಾಗುವುದು ಅಪರೂಪ. ಸೆಲ್ಲಿನ ತಯಾರಿಕೆಯಲ್ಲೇ ದೋಷ ಇರಬೇಕು, ಇಲ್ಲವೇ ಬ್ಯಾಟರಿಗೆ ಪೆಟ್ಟು ಬಿದ್ದಿರಬೇಕು, ಇಲ್ಲವೇ ನೀರು ಒಳಗೆ ಹೋಗಿರಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಕಂಪನಿಯವರು ವಾಪಸ್ ಕರೆದರೆ ತಡಮಾಡದೆ ಒಯ್ಯುವುದಷ್ಟೇ. ಉಳಿದೆರಡು ನಮ್ಮ ಕೈಯಲ್ಲಿವೆ. ಕಲ್ಲಿಗೋ ರಸ್ತೆಯುಬ್ಬಿಗೋ ಕಾರಿನ ಹೊಟ್ಟೆ ಜೋರಾಗಿ ತಾಗಿದರೆ, ಓಡುತ್ತಿದೆಯಲ್ಲ ಅಂತ ಸುಮ್ಮನಿರದೆ ಲಿಫ್ಟಿಗೆ ಏರಿಸಿ ತೋರಿಸಿ. ಕಾರು ನೆರೆಯಲ್ಲಿ ಮುಳುಗಿದರೆ ಆನ್ ಮಾಡಲೂ ಬೇಡಿ, ಚಾರ್ಜಿಗೂ ಹಾಕಬೇಡಿ, ಮನೆಗೆ ಅಂಟಿಕೊಂಡಂತೆ ನಿಲ್ಲಿಸಲೂ ಬೇಡಿ. ಬ್ಯಾಟರಿ ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆ, ಅಷ್ಟೇ. ಉಪ್ಪುನೀರು ಇನ್ನೂ ಕೆಟ್ಟದ್ದು: 2022ರಲ್ಲಿ ಇಯನ್ ಚಂಡಮಾರುತ ಫ್ಲೋರಿಡಾಕ್ಕೆ ಬಡಿದಾಗ ಸಮುದ್ರದ ನೀರಿನಲ್ಲಿ ನೆಂದ ಕೆಲವು ಎಲೆಕ್ಟ್ರಿಕ್ ಕಾರುಗಳು ನೀರು ಇಳಿದು ದಿನಗಳಾದ ಮೇಲೆ ಹೊತ್ತಿಕೊಂಡವು.

ಕಾರಿನ ಕೆಳಗಿನಿಂದ ಬುಸ್ ಅನ್ನುವ ಸದ್ದು, ಬಿಳಿ ಹೊಗೆ, ಥಿನ್ನರ್ ಥರದ ವಾಸನೆ ಬಂದರೆ ಏನೂ ಎತ್ತಿಕೊಳ್ಳಲು ಹೋಗದೆ ಎಲ್ಲರೂ ದೂರ ಓಡಿ. ಆ ಹೊಗೆ ವಿಷ, ಹೊತ್ತಿಕೊಳ್ಳುವಂಥದ್ದೂ ಹೌದು. ಅಗ್ನಿಶಾಮಕದವರಿಗೆ ಫೋನಿನಲ್ಲೇ ‘ಎಲೆಕ್ಟ್ರಿಕ್ ವಾಹನ’ ಅಂತ ಹೇಳಿ. ಆರಿದ್ದು ಮತ್ತೆ ಹೊತ್ತಬಹುದು ಅಂತ ಅವರು ತುಂಬ ನೀರಿನ ತಯಾರಿಯಲ್ಲಿ ಬರಬೇಕಾಗುತ್ತದೆ.

80 ಮತ್ತು 100ರ ಜಗಳ. ಇದು ಸೆಲ್ಲಿನ ಜಾತಿಯ ಮೇಲೆ ಹೋಗುತ್ತದೆ, ಆದ್ದರಿಂದ ಒಬ್ಬರ ಸಲಹೆ ಇನ್ನೊಬ್ಬರಿಗೆ ತಪ್ಪಾಗುತ್ತದೆ. ನಿಮ್ಮದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್ಲು) ಆಗಿದ್ದರೆ ದಿನನಿತ್ಯಕ್ಕೆ ಶೇ 80 ಸಾಕು. ತುಂಬಿದ ಸೆಲ್ಲು ಬಿಸಿಲಿನಲ್ಲಿ ಸುಮ್ಮನೆ ನಿಂತಷ್ಟೂ ಬೇಗ ಮುದಿಯಾಗುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್ಲು) ಆಗಿದ್ದರೆ ಆಗಾಗ ಶೇ 100 ಮಾಡಲೇಬೇಕು, ವಾರಕ್ಕೊಮ್ಮೆ ಮಾಡಿ ಅಂತ ಕೆಲವು ಕಂಪನಿಗಳೇ ಹೇಳುತ್ತವೆ. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜು ಶೇ 30ರಲ್ಲೂ 70ರಲ್ಲೂ ಹೆಚ್ಚುಕಡಿಮೆ ಒಂದೇ, 3.2 ವೋಲ್ಟಿನ ಆಸುಪಾಸು. ಪೂರ್ತಿ ತುಂಬಿಸದಿದ್ದರೆ ಕಾರಿಗೇ ತನ್ನಲ್ಲೆಷ್ಟಿದೆ ಅನ್ನುವ ಲೆಕ್ಕ ತಪ್ಪುತ್ತದೆ, ಶೇ 15 ತೋರಿಸುತ್ತಿದ್ದದ್ದು ದಾರಿ ನಡುವೆ ಪಟ್ಟನೆ ಕುಸಿಯಬಹುದು. ನಿಮ್ಮದು ಯಾವುದು ಅಂತ ಕೈಪಿಡಿಯಲ್ಲಿ ನೋಡಿ. ಯಾವುದೇ ಆದರೂ 80ರ ಮಡಿ ಮಾಡಬೇಡಿ. ದೂರದ ಪ್ರಯಾಣವಿದ್ದರೆ 100 ಮಾಡಿಕೊಂಡು, ತುಂಬಿದ ಕೂಡಲೇ ಹೊರಡಿ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಅಂದರೆ ಅರ್ಧದ ಆಸುಪಾಸು ಬಿಟ್ಟು ನೆರಳಲ್ಲಿ ನಿಲ್ಲಿಸಿ.

ಫಾಸ್ಟ್ ಚಾರ್ಜರನ್ನು ಪ್ರಯಾಣಕ್ಕೆ ಬಳಸಿ, ದಿನಚರಿ ಮಾಡಿಕೊಳ್ಳಬೇಡಿ. ಶೇ 80 ದಾಟಿದ ಮೇಲೆ ಅದು ನಿಧಾನವಾಗುವುದು ಮೋಸವಲ್ಲ. ಬಿಂದಿಗೆ ಕಂಠದವರೆಗೆ ಬಂದ ಮೇಲೆ ನಲ್ಲಿ ಸಣ್ಣ ಮಾಡುತ್ತೇವಲ್ಲ, ಹಾಗೆ. ಒಮ್ಮೆ 100ರವರೆಗೆ ಕಾಯುವುದಕ್ಕಿಂತ ಎರಡು ಸಲ 10ರಿಂದ 70ರವರೆಗೆ ಹಾಕಿಕೊಂಡರೆ ಊರು ಬೇಗ ಸಿಗುತ್ತದೆ, ಹಿಂದೆ ಸಾಲಿನಲ್ಲಿ ನಿಂತವರ ಶಾಪವೂ ತಟ್ಟುವುದಿಲ್ಲ. ಕೊರೆಯುವ ಚಳಿಯಲ್ಲಿ, ಸೊನ್ನೆ ಡಿಗ್ರಿಯ ಕೆಳಗೆ, ಕಾರು ಬೇಕೆಂದೇ ಚಾರ್ಜಿಂಗ್ ನಿಧಾನ ಮಾಡುತ್ತದೆ. ಆಗ ವೇಗವಾಗಿ ತುಂಬಿದರೆ ಲಿಥಿಯಂ ಒಳಗೆ ಇಳಿಯದೆ ಲೋಹವಾಗಿ ಮೇಲೇ ಕಟ್ಟಿಕೊಳ್ಳುತ್ತದೆ, ಮತ್ತೆ ಪೂರ್ತಿ ವಾಪಸ್ ಬರುವುದಿಲ್ಲ.

ಓಡಿಸುವ ಬಗ್ಗೆ ನೀವು ಕೇಳಿಲ್ಲ, ಆದರೂ ಮೂರು ಮಾತು. ಕಾಲು ತೆಗೆದರೆ ಕಾರು ತಾನೇ ನಿಧಾನವಾಗಿ ಬ್ಯಾಟರಿ ತುಂಬಿಕೊಳ್ಳುತ್ತದಲ್ಲ, ಆ ರೀಜೆನ್ ಶೇ 100 ತುಂಬಿದಾಗ ಅನೇಕ ಕಾರುಗಳಲ್ಲಿ ಇರುವುದೇ ಇಲ್ಲ ಅನ್ನುವಷ್ಟು ಕಮ್ಮಿ. ತುಂಬಿದ ಬ್ಯಾಟರಿಯೊಂದಿಗೆ ಘಾಟಿ ಇಳಿಯಲು ಹೊರಟರೆ ಮೊದಲ ತಿರುವಿನಲ್ಲೇ ‘ಇದೇನು ನಿಲ್ಲುತ್ತಲೇ ಇಲ್ಲ’ ಅನ್ನಿಸುತ್ತದೆ. ಬ್ರೇಕಿನ ಮೇಲೆ ಕಾಲಿರಲಿ. ಎರಡನೆಯದು, ಸದ್ದಿಲ್ಲದ ಕಾರು ಆನ್ ಆಗಿದೆ ಅನ್ನುವುದು ಮರೆತುಹೋಗುತ್ತದೆ. ಮಕ್ಕಳನ್ನು ಒಳಗೆ ಬಿಟ್ಟು ಗೇಟು ತೆಗೆಯಲು ಇಳಿಯುವ ಮುಂಚೆ ಪಾರ್ಕ್ ಹಾಕಿ, ಆಫ್ ಮಾಡಿ, ಕೀ ಕಿಸೆಯಲ್ಲಿಟ್ಟುಕೊಳ್ಳಿ. ಮೂರನೆಯದು, ನಡೆಯುವವರ ಹಿಂದೆ ಬರುವಾಗ ಅವರಿಗೆ ನೀವು ಬರುತ್ತಿರುವುದೇ ಗೊತ್ತಾಗುವುದಿಲ್ಲ, ಅದಕ್ಕೇ ಇರುವ ಕೃತಕ ಸದ್ದನ್ನು ಕಿರಿಕಿರಿ ಅಂತ ಆಫ್ ಮಾಡಿಸಬೇಡಿ.

ಸರ್ವಿಸ್ ಬೇಡ ಅನ್ನುವುದು ಅರ್ಧ ಸತ್ಯ. ಎಂಜಿನ್ ಆಯಿಲ್ ಇಲ್ಲ, ನಿಜ. ಆದರೆ ಕಾರು ಭಾರ, ಮೋಟಾರಿನ ಎಳೆತ ಒಮ್ಮೆಲೇ ಬರುತ್ತದೆ, ಟೈರು ಬೇಗ ಸವೆಯುತ್ತದೆ. ಗಾಳಿಯನ್ನು ತಿಂಗಳಿಗೊಮ್ಮೆಯಾದರೂ ನೋಡಿ. ರೀಜೆನ್‌ನಿಂದಾಗಿ ಬ್ರೇಕು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತದೆ, ಖಾಲಿ ರಸ್ತೆಯಲ್ಲಿ ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ ಒತ್ತಿ. ಕೂಲೆಂಟಿಗೆ ಮನೆಯ ನೀರು ಸುರಿಯಬೇಡಿ. ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಅದು ನೂರಾರು ವೋಲ್ಟಿನದು, ಮುಟ್ಟಬೇಡಿ. ಮತ್ತೆ 12 ವೋಲ್ಟಿನ ಸಣ್ಣ ಬ್ಯಾಟರಿ! ನಾಲ್ಕನೇ ವರ್ಷ ಒಂದು ಬೆಳಿಗ್ಗೆ ನನ್ನ ಕಾರಿನ ಬಾಗಿಲೇ ತೆರೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಶೇ 76 ಇತ್ತು. ಆದರೆ ಅದನ್ನು ಜೋಡಿಸುವ ರಿಲೇಗೆ, ಕಂಪ್ಯೂಟರಿಗೆ, ಬಾಗಿಲಿಗೆ ಕರೆಂಟು ಬರುವುದು ಈ ಸಣ್ಣದರಿಂದ, ಅದು ಸತ್ತಿತ್ತು. ಸರ್ವಿಸಿಗೆ ಬಿಟ್ಟಾಗ ಅದನ್ನು ಟೆಸ್ಟ್ ಮಾಡಿಸಿ. ಇಂಥ ಹೊತ್ತಲ್ಲಿ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ, ಚಕ್ರ ತಿರುಗಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ. ನಾಲ್ಕೂ ಚಕ್ರ ಮೇಲೇರಿಸುವ ಲಾರಿಯೇ ಬೇಕು.

ಕೊನೆಗೆ, ಮನೆಯಲ್ಲಿ ಬ್ಯಾಟರಿ ಬಿಚ್ಚಿ ಒಳಗೆ ತರುವ ಸ್ಕೂಟರೂ ಇದೆ ಅಂತ ಒಂದು ಸಾಲು ಸೇರಿಸಿದ್ದೀರಿ. ನನಗೆ ನಿಮ್ಮ ಕಾರಿಗಿಂತ ಅದರ ಬಗ್ಗೆಯೇ ಚಿಂತೆ. ಕಾರಿನ ಬ್ಯಾಟರಿ ಮನೆಯ ಹೊರಗಿದೆ, ಗಟ್ಟಿ ಪೆಟ್ಟಿಗೆಯಲ್ಲಿದೆ. ಇದು ಕೈ ಜಾರಿ ಮೆಟ್ಟಿಲ ಮೇಲೆ ಬಿದ್ದಿರುತ್ತದೆ, ಓಡಿಸಿ ಬಂದ ಬಿಸಿಯಲ್ಲೇ ಚಾರ್ಜಿಗೆ ಕೂತಿರುತ್ತದೆ, ಅದೂ ಹೆಚ್ಚಾಗಿ ಬಾಗಿಲ ಪಕ್ಕದಲ್ಲಿ, ಅಂದರೆ ಹೊತ್ತಿಕೊಂಡರೆ ಓಡಬೇಕಾದ ದಾರಿಯಲ್ಲೇ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ, ಬಂದು ಒಂದು ಗಂಟೆಯಾದರೂ ಆರಲು ಬಿಡಿ, ಹಾಸಿಗೆ ಪರದೆಗಳಿಂದ ದೂರ ಗಟ್ಟಿ ನೆಲದ ಮೇಲಿಡಿ. ಉಬ್ಬಿದ್ದರೆ, ಬಿದ್ದು ಸೀಳು ಬಿಟ್ಟಿದ್ದರೆ ಮನೆಯೊಳಗೆ ತರಲೇಬೇಡಿ. ಮತ್ತು ಇದನ್ನು ಮಾತ್ರ ಚಾರ್ಜಿಗೆ ಹಾಕಿ ಮಲಗಬೇಡಿ. ಯಾರಾದರೂ ಎಚ್ಚರವಿರುವ ಹೊತ್ತಿಗೆ ಹಾಕಿ, ತುಂಬಿದ ಕೂಡಲೇ ತೆಗೆದಿಡಿ.