ಕೋಟೆಯೋ ದೋಣಿಯೋ? ದೋರ್ದೋನ್ ಕಣಿವೆಯಲ್ಲಿ ನಾಲ್ಕು ದಿನ

ಪ್ರಶ್ನೆ: ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಹೋಗಿ, ಅವಳ ಜೊತೆ ನಾಲ್ಕು ದಿನ ದೋರ್ದೋನ್ ಕಡೆ ಸುತ್ತಬೇಕು ಅಂತಿದ್ದೇವೆ. ಅವಳಿಗೆ ದೋಣಿ, ಸೈಕಲ್ ಬೇಕು. ನಮ್ಮೆಜಮಾನರಿಗೆ ಕೋಟೆ, ಹಳೇ ಊರು. ಕಾರು ಓಡಿಸುವವರು ಯಾರೂ ಇಲ್ಲ, ನನಗೆ ಈಜು ಬರಲ್ಲ, ಮೇಲಾಗಿ ನಾವು ಸಸ್ಯಾಹಾರಿಗಳು. ಏನು ಮಾಡೋದು?

ಉತ್ತರ: ನಿಮ್ಮ ಮನೆಯ ಈ ಜಗಳಕ್ಕೆ ನೈರುತ್ಯ ಫ್ರಾನ್ಸಿನ ಆ ದೋರ್ದೋನ್ ನದಿಯಲ್ಲೇ ಪರಿಹಾರ ಇದೆ. ಅಲ್ಲಿನ ಹಲವು ಕೋಟೆಗಳು ನೀರಿನ ಪಕ್ಕದ ಬಂಡೆಗಳ ಮೇಲೇ ಕೂತಿವೆ. ದೋಣಿ ಹತ್ತಿದವರಿಗೆ ಊರೂ ಕಾಣುತ್ತದೆ, ಕೋಟೆಯೂ ಕಾಣುತ್ತದೆ.

ಮಗಳು ಮತ್ತು ಯಜಮಾನರು ಸೆನಾಕ್‌ನಲ್ಲಿ ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ಬಾಡಿಗೆಗೆ ತೆಗೆದುಕೊಂಡು ಬೇನಾಕ್ ತನಕ ಹೋಗಲಿ. ಹೊಳೆ ಹರಿಯುವ ದಿಕ್ಕಿಗೇ ಹೋಗುವುದರಿಂದ ಹುಟ್ಟು ಹಾಕುವ ಕಷ್ಟ ಜಾಸ್ತಿ ಇಲ್ಲ. ನೀರು ಕಡಿಮೆ ಇರುವಾಗ ಕೆಲವು ಕಡೆ ದೋಣಿಯ ತಳ ಉರುಟುಕಲ್ಲಿಗೆ ಕರಕರ ಉಜ್ಜುತ್ತದೆ. ಆಗ ಇಳಿದು ತಳ್ಳಿದರಾಯಿತು. ಲೈಫ್ ಜಾಕೆಟ್ ಕೊಡುತ್ತಾರೆ. ಫೋನು, ದುಡ್ಡು ಹಾಕಿಡಲು ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಬಾಡಿಗೆಯವರ ವ್ಯಾನೇ ವಾಪಸ್ ತಂದುಬಿಡುತ್ತದೆ. ಆದರೆ ಈಜು ಬರಲೇಬೇಕು.

ನೀವು ಲಾ ರೋಕ್ ಗಜಾಕ್‌ನಲ್ಲಿ ಗಬಾರ್ ಹತ್ತಿ. ಒಂದು ಕಾಲದಲ್ಲಿ ಮರ, ವೈನ್ ಪೀಪಾಯಿ ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿಯ ಮಾದರಿ ಅದು. ಸುಮಾರು ಒಂದು ಗಂಟೆ ಆರಾಮಾಗಿ ಕೂತು ನೋಡಬಹುದು. ಈ ಊರು ಬಂಡೆಗೆ ಬೆನ್ನು ಕೊಟ್ಟು ನಿಂತಿದೆ. 1957ರಲ್ಲಿ ಅದೇ ಬಂಡೆ ಕುಸಿದು ಮೂವರು ಸತ್ತರು. ಆದರೂ ಜನ ಜಾಗ ಬಿಡಲಿಲ್ಲ.

ಮುಂದೆ ಎಡದಂಡೆಯಲ್ಲಿ ಕಾಸ್ತೆಲ್ನೋ ಕೋಟೆ, ಬಲದಂಡೆಯಲ್ಲಿ ಬೇನಾಕ್ ಕೋಟೆ. ನೂರು ವರ್ಷಗಳ ಯುದ್ಧದಲ್ಲಿ (1337–1453) ಕಾಸ್ತೆಲ್ನೋ ಹೆಚ್ಚಾಗಿ ಇಂಗ್ಲಿಷರ ಕಡೆ, ಬೇನಾಕ್ ಫ್ರೆಂಚರ ಕಡೆ. ಒಂದು ಕೋಟೆಯಿಂದ ಇನ್ನೊಂದು ಕಾಣುವಷ್ಟು ಹತ್ತಿರ! ಒಂದಕ್ಕೇ ಟಿಕೆಟ್ ಅಂದರೆ ನಾನು ಕಾಸ್ತೆಲ್ನೋ ಆರಿಸುತ್ತೇನೆ. ಅಲ್ಲಿ ಮಧ್ಯಯುಗದ ಯುದ್ಧದ ಮ್ಯೂಸಿಯಂ ಇದೆ, ಕಲ್ಲೆಸೆಯುವ ದೊಡ್ಡ ಯಂತ್ರಗಳನ್ನು ನಿಲ್ಲಿಸಿದ್ದಾರೆ. ಯಜಮಾನರನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಗಬಹುದು.

ಉಳಿಯುವುದಕ್ಕೆ ಸಾರ್ಲಾ ಎಂಬ ಊರು ಸರಿ. ಪ್ಯಾರಿಸ್‌ನಿಂದ ಬೋರ್ದೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಸಣ್ಣ ರೈಲಿನಲ್ಲಿ ಇನ್ನು ಎರಡೂಮುಕ್ಕಾಲು ಗಂಟೆ. ಹಳ್ಳಿಗಳಿಗೆ ಬಸ್ಸು ಕಡಿಮೆ, ಅದಕ್ಕೇ ಒಂದೆರಡು ದಿನದ ಟ್ಯಾಕ್ಸಿ ದುಡ್ಡು ಎತ್ತಿಟ್ಟುಕೊಳ್ಳಿ. ಹಳೇ ಕಲ್ಲಿನ ಊರು ಹಾಗೇ ಉಳಿಯಲು ಹಳೇ ಬಡಾವಣೆಗಳನ್ನು ಕಾಪಾಡುವ 1962ರ ಮಾಲ್ರೋ ಕಾನೂನು ಕಾರಣ. ಅದರಡಿ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಇದೂ ಒಂದು. ಬುಧವಾರ, ಶನಿವಾರ ಬೆಳಿಗ್ಗೆ ಸಂತೆ. ಹಳೆಯ ಸೇಂಟ್ ಮರಿ ಚರ್ಚೇ ಈಗ ತರಕಾರಿ, ಚೀಸ್ ಮಾರುವ ಮಾರುಕಟ್ಟೆ. ಅದರ ಆಳೆತ್ತರ ಮೀರಿದ ಉಕ್ಕಿನ ಬಾಗಿಲು ಆರ್ಕಿಟೆಕ್ಟ್ ಝಾಂ ನುವೆಲ್ ಮಾಡಿದ್ದು.

ಸೈಕಲ್‌ಗೆ ಸಾರ್ಲಾದಿಂದಲೇ ಹಳೇ ರೈಲು ಹಳಿಯ ಜಾಗದಲ್ಲಿ ಮಾಡಿದ ದಾರಿ ಇದೆ. ಕಾರುಗಳ ಕಾಟವಿಲ್ಲ, ದೊಡ್ಡ ಏರೂ ಇಲ್ಲ. ನೀವೂ ಹೋಗಬಹುದು. ದೋಮ್ ಬೆಟ್ಟದ ಮೇಲಿನ ಊರು, ಅಲ್ಲಿಗೆ ಸೈಕಲ್ ಬೇಡ, ಟ್ಯಾಕ್ಸಿ ಮಾಡಿ. 1307ರ ನಂತರ ಸೆರೆಯಾದ ಟೆಂಪ್ಲರ್ ಯೋಧರು (ಕ್ರುಸೇಡ್ ಯುದ್ಧಗಳ ಕಾಲದ ಕ್ರೈಸ್ತ ಸನ್ಯಾಸಿ-ಯೋಧರ ಪಂಗಡ) ಅಲ್ಲಿನ ಕೋಟೆಬಾಗಿಲ ಗೋಡೆಯಲ್ಲಿ ಕೆತ್ತಿದ ಗೀರುಗಳು ಇನ್ನೂ ಇವೆ.

ಆದಿಮಾನವರು ಗೋಡೆಯ ಮೇಲೆ ಚಿತ್ರ ಬರೆದ ಲಾಸ್ಕೋ ಗುಹೆ 1940ರಲ್ಲಿ ಸಿಕ್ಕಿತು, ಜನರ ಉಸಿರಿಗೇ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಮುಚ್ಚಿದರು. ಈಗ ತೋರಿಸುವುದು ಪಡಿಯಚ್ಚು. ಚೆನ್ನಾಗಿಯೇ ಇದೆ. ಆದರೆ ಅಸಲಿ ಬಣ್ಣದ ಚಿತ್ರ ಬೇಕಾದರೆ ಫೋಂ ದ ಗೋಮ್ ಎಂಬ ಇನ್ನೊಂದು ಗುಹೆಗೆ ಹೋಗಿ. ಒಳಗೆ ಬಿಡುವುದು ಕೆಲವೇ ಜನರನ್ನು, ಟಿಕೆಟ್ ಈಗಲೇ ನೋಡಿ.

ಊಟದ್ದೇ ಸ್ವಲ್ಪ ಗೋಳು. ಇದು ಬಾತುಕೋಳಿಯ ಸೀಮೆ. "ಪೊಮ್ ಸಾರ್ಲಾದೇಜ್" ಬರೀ ಆಲೂಗಡ್ಡೆ ಅಲ್ವಾ ಅಂತ ತರಿಸಬೇಡಿ, ಅದನ್ನು ಹುರಿಯುವುದೇ ಬಾತುಕೋಳಿ ಕೊಬ್ಬಿನಲ್ಲಿ. ಈ ಸೀಮೆಯ ಹಳೇ ಹೆಸರಿರುವ ಪೆರಿಗೋರ್ ಸಲಾಡ್‌ನಲ್ಲೂ ಬಾತುಕೋಳಿಯ ಜಠರದ ತುಂಡುಗಳಿರುತ್ತವೆ. "ಸಾಂ ವಿಯಾಂದ್, ಸಾಂ ಗ್ರೆಸ್ ದ ಕನಾರ್" ಅಂದರೆ ಮಾಂಸವೂ ಬೇಡ, ಬಾತುಕೋಳಿ ಕೊಬ್ಬೂ ಬೇಡ ಅಂತ. ಮಗಳಿಗೆ ಹೇಳೋಕೆ ಬಿಡಿ. ಸಂತೆಯಲ್ಲಿ ಬ್ರೆಡ್ಡು, ಆಡಿನ ಹಾಲಿನ ಚೀಸ್, ಟೊಮೆಟೊ, ಅಕ್ರೋಟು ಕೊಂಡು ಹೊಳೆದಂಡೆಯಲ್ಲಿ ತಿನ್ನಿ. ಅಡುಗೆಮನೆ ಇರುವ ರೂಮು ಸಿಕ್ಕರೆ ಇನ್ನೂ ವಾಸಿ. ಅಕ್ಕಿ ಅಲ್ಲೇ ಸಿಗುತ್ತದೆ, ಸಾರಿನಪುಡಿ ಮಾತ್ರ ಮನೆಯಿಂದ.