ಜರ್ಮನಿ ಡಾನ್ಸರ್ ಜೊತೆ ಡ್ಯುಯೆಟ್ ಮಾಡೋ ಮುಂಚೆ ಭರತನಾಟ್ಯದೋರು ಕಂಟೆಂಪರರಿ ಕಲೀಬೇಕಾ?

ಭರತನಾಟ್ಯ ಬಿಟ್ರೆ ಬೇರೇನೂ ಬರಲ್ಲ, ಅಲ್ಲಿನ ಕಂಟೆಂಪರರಿ (ಪಶ್ಚಿಮದ ಆಧುನಿಕ ನೃತ್ಯ) ಡಾನ್ಸರ್ ಜೊತೆ ಡ್ಯುಯೆಟ್ ಮಾಡೋಕೆ ಜರ್ಮನಿಗೆ ಕರೆದಿದಾರೆ, ಎರಡು ಶೈಲೀನ ಹೇಗೆ ಬೆರೆಸ್ಲಿ ಅಂತ ಕೇಳಿದೀರ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡೋರ್ನೆಲ್ಲಾ ಕೇಳ್ಕೊಂಡು ಓಡಾಡಿದ್ದೆ.

ನನಗೆ ಬಂದಿದ್ದು ಬೆಲ್ಜಿಯಂ. ಮೂರು ವಾರದ ರೆಸಿಡೆನ್ಸಿ, ಅಂದ್ರೆ ಅಲ್ಲೇ ಉಳ್ಕೊಂಡು ಹೊಸ ಡಾನ್ಸ್ ಕಟ್ಟೋದು, ಅಲ್ಲಿನ ಒಬ್ಬಳು ಕಂಟೆಂಪರರಿ ಡಾನ್ಸರ್ ಜೊತೆ. ಒಳ್ಳೇ ಹುಡುಗಿ, ಮೋಸ ಮಾಡೋ ಬುದ್ಧಿ ಇರ್ಲಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಮುಂದಿನದ್ದು ಓದಿ ಅವ್ಳನ್ನ ಬೈಕೋಬೇಡಿ. ಹೋಗೋ ಮುಂಚೆ ನಾನು ಹೆದರ್ಕೊಂಡು ಬೆಂಗಳೂರಲ್ಲಿ ನಾಲ್ಕು ತಿಂಗಳು ಫ್ಲೋರ್ ವರ್ಕ್ (ನೆಲದ ಮೇಲೆ ಉರುಳೋದು, ಬೀಳೋದು) ಕ್ಲಾಸಿಗೆ ಹೋಗಿದ್ದೆ. ಬೆಲ್ಜಿಯಂನಲ್ಲಿ ಅದು ಒಂದು ದಿನಾನೂ ಕೆಲಸಕ್ಕೆ ಬರ್ಲಿಲ್ಲ. ಉರುಳೋದು ಬೀಳೋದು ಅವ್ಳಿಗೇ ಚೆನ್ನಾಗಿ ಬರ್ತಿತ್ತಲ್ಲ, ಅವ್ಳಿಗೆ ಬೇಕಿದ್ದಿದ್ದು ನನ್ನ ಅರಮಂಡಿ, ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತಂಗೆ ನಿಲ್ಲೋ ನಮ್ಮ ಭಂಗಿ.

ತಪ್ಪು ಆಗಿದ್ದು ಮೂರನೇ ದಿನ. ಏಳೆಣಿಕೆಯ ಮಿಶ್ರಚಾಪು ತಾಳದ ಜತಿ (ಬಾಯಲ್ಲಿ ಹೇಳ್ಕೊಂಡು ಕಾಲಲ್ಲಿ ತಟ್ಟೋ ಲಯದ ತುಣುಕು) ಒಂದು ಹೇಳ್ಕೊಡ್ತಾ ಇದ್ದೆ, ತಕಿಟ ತಕಧಿಮಿ, ಮೂರು ನಾಲ್ಕು ಏಳು. ಅವ್ರು ಚಿಕ್ಕಂದಿನಿಂದ ಎಂಟೆಂಟು ಎಣಿಸಿ ಬೆಳೆದೋರು, ಏಳು ಮುಗಿದ ತಕ್ಷಣ ಮತ್ತೆ ಒಂದು ಅಂತ ಶುರು ಮಾಡೋಕೆ ಅವ್ಳ ಮೈ ಒಪ್ತಾನೇ ಇಲ್ಲ, ಪ್ರತಿ ಆವರ್ತಕ್ಕೂ, ಅಂದ್ರೆ ತಾಳದ ಪ್ರತಿ ಸುತ್ತಿಗೂ, ಒಂದಕ್ಷರ (ಒಂದು ಎಣಿಕೆ) ಹಿಂದೆ ಬೀಳ್ತಾಳೆ. ಸಂಜೆ ಆಗಿತ್ತು, ಇಬ್ರೂ ಸುಸ್ತು, ಪಾಪ ಅನ್ನಿಸ್ತು. ಪರ್ವಾಗಿಲ್ಲ, ಕೊನೇಲಿ ಇನ್ನೊಂದು ತಟ್ಟು ಸೇರಿಸ್ಕೊಂಡು ಎಂಟು ಮಾಡ್ಕೊಳೋಣ, ಪ್ರಾಕ್ಟೀಸಿಗೆ ಮಾತ್ರ, ಅಂದೆ. ನಾನೇ ಅಂದೆ, ಅವ್ಳು ಕೇಳಿರ್ಲಿಲ್ಲ.

ಒಂದು ತಟ್ಟಲ್ಲಿ ಏನಾಗುತ್ತೆ ಅಂತೀರಾ, ಎದ್ದು ನಿಂತು ಮಾಡಿ ನೋಡಿ. ಅಕ್ಷರಕ್ಕೊಂದು ಕಾಲು, ಬಲ ಎಡ ಬಲ ಎಡ. ಏಳು ಬೆಸ ಸಂಖ್ಯೆ, ಮೊದಲ ಆವರ್ತ ಬಲಗಾಲಲ್ಲಿ ಶುರುವಾದ್ರೆ ಮುಂದಿನದು ತಾನಾಗೇ ಎಡಗಾಲಲ್ಲಿ ಶುರುವಾಗುತ್ತೆ, ಮೈಭಾರ ಪ್ರತಿ ಸುತ್ತಿಗೂ ಪಕ್ಕ ಬದಲಾಯಿಸುತ್ತೆ. ಎದುರುಬದುರು ನಿಂತಾಗ ಒಂದು ಆವರ್ತಕ್ಕೆ ಇಬ್ರೂ ತಂತಮ್ಮ ಬಲಕ್ಕೆ ವಾಲ್ತೀವಿ, ಇನ್ನೊಂದಕ್ಕೆ ಎಡಕ್ಕೆ. ನಮ್ಮ ಡ್ಯುಯೆಟ್ಟಿನ ಜೀವಾನೇ ಅದಾಗಿತ್ತು. ಎಂಟಾದ ಮೇಲೆ ಯಾವಾಗ್ಲೂ ಬಲಗಾಲೇ, ಆ ವಾಲೋದು ನಿಂತೇ ಹೋಯ್ತು. ನನ್ನ ಕಾಲಿಗೆ ಅದು ಅವತ್ತೇ ಗೊತ್ತಾಗಿತ್ತು, ಬಾಯಿ ಬಿಡ್ಲಿಲ್ಲ. ನೆಂಟರ ಮನೇಲಿ ಉಪ್ಪು ಕಮ್ಮಿ ಇದ್ರೂ ಸುಮ್ನೆ ಉಣ್ತೀವಲ್ಲ, ಹಾಗೆ.

ಎರಡನೇ ವಾರ ಮ್ಯೂಸಿಕ್ ಮಾಡೋನು ಬಂದ, ಎಂಟಕ್ಕೇ ಟ್ರ್ಯಾಕ್ ಮಾಡ್ದ. ಟ್ರ್ಯಾಕ್ ಇದ್ಮೇಲೆ ಮೃದಂಗ ಯಾಕೆ ಅಂದ್ರು, ಬೆಂಗಳೂರಲ್ಲಿ ಕಾಯ್ತಿದ್ದ ನನ್ನ ಗೆಳೆಯನಿಗೆ ಟಿಕೆಟ್ ಬೇಡ ಅಂತ ಫೋನ್ ಮಾಡಿದ್ದು ನಾನು. ಅವ್ನು ಸರಿ ಬಿಡಕ್ಕ ಅಂದ, ಆ ಧ್ವನಿ ಇನ್ನೂ ಕಿವೀಲಿದೆ. ಕೊನೇಗೆ ಪೋಸ್ಟರಲ್ಲಿ ಕೊರಿಯಾಗ್ರಫಿ ಅಂತ ಅವ್ಳ ಹೆಸ್ರು, ಡಾನ್ಸರ್ ಅಂತ ನಂದು. ಮುಂದಿನ ವರ್ಷ ನಾನಿಲ್ದೇನೇ ಟೂರ್ ಹೋಯ್ತು, ಎಂಟರ ಎಣಿಕೆ ಯಾರಿಗಾದ್ರೂ ಬರುತ್ತಲ್ಲ.

ಅದಕ್ಕೇ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ಯಾಕ್ರೀ ಬೆರೆಸ್ಬೇಕು? ಒಡಿಸ್ಸಿ ಮಾಡೋ ನಮ್ಮ ಹೆಸರಘಟ್ಟದ ನೃತ್ಯಗ್ರಾಮದೋರು, ಕ್ಯಾಂಡಿಯನ್ ನೃತ್ಯ ಮಾಡೋ ಶ್ರೀಲಂಕಾದ ಚಿತ್ರಸೇನ ಕಂಪನಿ ಜೊತೆ 2012ರಲ್ಲಿ 'ಸಂಹಾರ' ಮಾಡಿದ್ರು, ಒಡಿಸ್ಸಿ ಒಡಿಸ್ಸಿಯಾಗೇ ಇತ್ತು, ಕ್ಯಾಂಡಿಯನ್ ಕ್ಯಾಂಡಿಯನ್ನಾಗೇ ಇತ್ತು. ಅದೇ ಎರಡು ಕಂಪನಿ 2019ರಲ್ಲಿ ಮತ್ತೆ ಸೇರಿ 'ಆಹುತಿ' ಮಾಡಿದ್ರು. ಅಷ್ಟು ವರ್ಷದ ಒಡನಾಟ ಮೂರು ವಾರದಲ್ಲಿ ಎಲ್ಲಿಂದ ತರ್ತೀರ? 2005ರ 'ಝೀರೋ ಡಿಗ್ರೀಸ್' ಅನ್ನೋ ಡ್ಯುಯೆಟ್ ನೋಡಿ, ಕಥಕ್ ಕಲಿತ ಅಕ್ರಂ ಖಾನ್, ಬೆಲ್ಜಿಯಂನ ಕಂಟೆಂಪರರಿ ಡಾನ್ಸರ್ ಸಿದಿ ಲಾರ್ಬಿ ಶೆರ್ಕಾವಿ. ಇಬ್ರೂ ಪಕ್ಕಪಕ್ಕ ಕೂತು ಬಾಂಗ್ಲಾದೇಶದ ಗಡಿ ದಾಟಿದ ಕತೇನ ಒಂದೇ ಮಾತು, ಒಂದೇ ಕೈ ಅಲ್ಲಾಡಿಸೋದು, ಒಂದೇ ಉಸಿರಲ್ಲಿ ಹೇಳ್ತಾರೆ. ಅಲ್ಲಿ ಇಬ್ಬರು ಮನುಷ್ಯರು ಒಬ್ರನ್ನೊಬ್ರು ಅಷ್ಟು ಸೂಕ್ಷ್ಮವಾಗಿ ಗಮನಿಸಿದಾರೆ, ಶೈಲಿ ಯಾವ್ದು ಅನ್ನೋದು ಆಮೇಲಿನ ಮಾತು.

ಕಂಟೆಂಪರರಿ ಕ್ಲಾಸಿಗೆ ದುಡ್ಡು ಹಾಕ್ಬೇಡಿ, ಆ ದುಡ್ಡಲ್ಲಿ ತಾಳ ಗೊತ್ತಿರೋ ಒಬ್ರನ್ನ ಜೊತೆಗೆ ಕರ್ಕೊಂಡು ಹೋಗೋಕಾಗುತ್ತಾ ನೋಡಿ, ಆಗ್ಲಿಲ್ಲ ಅಂದ್ರೆ ತಾಳ ತಟ್ಟೋ ಮರದ ತಟ್ಟುಮಣೆನಾದ್ರೂ ಸೂಟ್‌ಕೇಸಲ್ಲಿ ಇಟ್ಕೊಳ್ಳಿ. ಅವ್ರಿಗೆ ಏಳು ಬರಲ್ಲ ಅಂದ್ರೆ ಒಂದು ವಾರ ಪೂರ್ತಿ ತಪ್ಪಿದ್ರೂ ತಪ್ಪಲಿ, ನೀವು ಎಂಟಕ್ಕೆ ಇಳೀಬೇಡಿ, ಅವ್ರು ತಪ್ಪೋ ಜಾಗದಲ್ಲೇ ಏನಾದ್ರೂ ಹೊಸದು ಸಿಕ್ಕೀತು. ಹಾಗೇ ಅವ್ರು ನೆಲಕ್ಕೆ ಬೀಳೋಕೆ ಹೇಳ್ಕೊಟ್ಟಾಗ ನೀವೂ ವಾರಗಟ್ಲೆ ತಪ್ಪಿ, ಅದು ಅವ್ರಿಗೆ ಕೊಡೋ ಮರ್ಯಾದೆ.

ಆಮೇಲೆ ಪೋಸ್ಟರಲ್ಲಿ ಕೊರಿಯಾಗ್ರಫಿ ಅನ್ನೋ ಪದದ ಮುಂದೆ ಯಾರ್ಯಾರ ಹೆಸ್ರು, ನೀವಿಲ್ದೆ ಅದನ್ನ ಆಡಬಹುದಾ ಇಲ್ವಾ, ಈ ಎರಡು ಮಾತನ್ನ ಇಮೇಲಲ್ಲಿ ಬರೆದು ಕೇಳಿ. ಕೇಳಿದ್ರೆ ಏನಂದ್ಕೋತಾರೋ ಅಂತ ಸಂಕೋಚ ಬೇಡ, ಅಲ್ಲಿನೋರಿಗೆ ಇದು ದಿನಾ ಕೇಳೋ ಪ್ರಶ್ನೆ. ವೀಸಾಗೆ ಪೇಪರ್ ಕೊಡೋ ಮುಂಚೇನೇ ಕಳ್ಸಿ, ಸ್ಟುಡಿಯೋಗೆ ಹೋದ್ಮೇಲೆ ನಿಮಗೆ ಬಾಯಿ ಬರಲ್ಲ, ನನಗೂ ಬರ್ಲಿಲ್ಲ.